ಧೋತರದ ಮರ್ಯಾಗಿನ ಬ್ಯಾನಿ

ಈ ಸಲ ಬರಿಯಾಕ ಕುಂತಿದ್ದು ಗಂಡಸರ ಬ್ಯಾನಿ ಬಗ್ಗೆ. ಗಂಡಸರದ್ದು ನಮಗ್ಯಾಕ ಬೇಕು ಅಂತ ಮೂಗು ಮುರಿಬ್ಯಾಡ್ರಿ. ಅವರ ಧೋತರ ಒಗಿಯೋ ಕೈ ನಮ್ದು. ಕುಂದ್ರಾಕ ಏಳಾಕ ಅವ್ರು ಪಡೋ ತ್ರಾಸ ಮೊದ್ಲು ಕಾಣೋದು ನಮಗ. ಅವ್ರು ಹೊಲಕ್ಕ ಹೋಗೋದು ಬಿಟ್ರ ಕೂಲಿಗೆ ಹೊಂಡೋರೂ ನಾವೇ. ಹಂಗಾಗಿ ಮಾತಾಡೋ ಹಕ್ಕು ನಮಗೈತಿ.

ನನ್ನ ತವರು ದೇವದುರ್ಗ ಕಡೆ ಹಳ್ಳಿ, ಗಂಡನ ಮನಿ ಮಾನ್ವಿ, ಈಗ ಇರೋದು ರಾಯಚೂರಾಗ. ಮೂರೂ ಕಡೆ ಈ ಬ್ಯಾನಿಗೆ ಹೆಸರು ಅದಾವ, ಆದ್ರ ಯಾರೂ ಜೋರಾಗಿ ಹೇಳಂಗಿಲ್ಲ. ‘ಅಂಡ ಬಾತೈತಿ’ ಅಂತಾರ, ಹಿರ್ಯಾರು ‘ಅಂಡವಾಯು’ ಅಂತಾರ, ತೆಲುಗು ಮಾತಾಡೋ ಮನ್ಯಾಗ ‘ಬುಡ್ಡ’ ಅಂತಾರ. ದವಾಖಾನಿ ಚೀಟ್ಯಾಗ ಹೈಡ್ರೋಸೀಲ್ ಅಂತ ಬರೀತಾರ. ಹೆಂಗಸರ ಮುಂದ ಬಂದ್ರ ಎಲ್ಲಾ ಹೆಸರೂ ಮಾಯ ಆಗಿ ‘ಮಂಡಿ ನೋವು’ ಆಗ್ತೈತಿ.

ಬ್ಯಾನಿ ಏನು ಅಂದ್ರ, ಗಂಡಸರ ಬೀಜದ ಸುತ್ತ ತೆಳ್ಳಗ ಎರಡು ಪದರಿನ ಒಂದು ಚೀಲ ಇರ್ತೈತಿ. ಅದರಾಗ ಒಂದೆರಡು ಹನಿ ನೀರು ಇರೋದು ಸಹಜ. ಆ ನೀರು ಸೇರ್ಕೋತ ಸೇರ್ಕೋತ ಹೋಗಿ ನಿಂಬಿಹಣ್ಣು, ಮಾವಿನಕಾಯಿ, ಕಡೀಕ ತೆಂಗಿನಕಾಯಿ ಗಾತ್ರ ಆಗ್ತೈತಿ. ಬಹಳ ಮಂದಿಗೆ ನೋವು ಇರಂಗಿಲ್ಲ, ಭಾರ ಅಷ್ಟೇ. ನೋವಿಲ್ಲ ಅಂತ ದಿನ ದೂಡ್ತಾರ, ದೂಡ್ತಾ ದೂಡ್ತಾ ಹತ್ತು ವರ್ಷ ಆಗಿರ್ತೈತಿ. ಪೆಟ್ಟು ಬಿದ್ದು ಬರೋದೂ ಐತಿ, ಕಾರಣ ಗೊತ್ತಾಗದೇ ಬರೋದೂ ಐತಿ. ಆದ್ರ ನಮ್ಮ ಸೀಮಿಗೆ ಇನ್ನೊಂದು ಕಾರಣ ಐತಿ. ಅದು ಆನೆಕಾಲು ರೋಗದ ಹುಳ, ಫೈಲೇರಿಯಾ. ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್, ಈ ಕಡೆ ಜಿಲ್ಲೆಗಳು ಕರ್ನಾಟಕದ ಆನೆಕಾಲು ಪಟ್ಟ್ಯಾಗ ಅದಾವ, ಕರಾವಳಿನೂ ಐತಿ. ಆ ಹುಳ ಮೈಯಾಗಿನ ನೀರು ಹರಿಯೋ ಸಣ್ಣ ನಾಳದಾಗ ಮನಿ ಮಾಡ್ತೈತಿ. ಹೆಂಗಸರಿಗೆ ಹೆಚ್ಚಾಗಿ ಕಾಲು ಬಾಯ್ತಾವ, ಕಾಲು ಊರಿಗೆಲ್ಲಾ ಕಾಣ್ತೈತಿ. ಗಂಡಸರಿಗೆ ಕಾಲಿಗಿಂತ ಹೆಚ್ಚು ಬೀಜದ ಚೀಲಕ್ಕ ಬರ್ತೈತಿ, ಅದು ಯಾರಿಗೂ ಕಾಣಂಗಿಲ್ಲ. ಜಗತ್ತಿನಾಗ ಈ ಹುಳದಿಂದ ಅಂಡ ಬಾತ ಗಂಡಸರು ಸುಮಾರು 2.5 ಕೋಟಿ, ಕಾಲು ಬಾತವರು 1.5 ಕೋಟಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ. ಕಾಣೋ ರೋಗಕ್ಕ ಆನೆಕಾಲು ಅಂತ ಹೆಸರು ಕೊಟ್ವಿ. ಅದಕ್ಕಿಂತ ಹೆಚ್ಚು ಇರೋದು ಧೋತರದಾಗ ಉಳೀತು.

ಇದಕ್ಕ ಶಸ್ತ್ರ ಮಾಡೋದು ನಿನ್ನೆ ಮೊನ್ನೆ ವಿದ್ಯಾ ಅಲ್ಲ. ಸುಶ್ರುತ ಸಂಹಿತೆಯಾಗ ಇದನ್ನ ‘ಮೂತ್ರವೃದ್ಧಿ’ ಅಂತ ಕರದಾರ. ಒಳಗಿರೋದು ಮೂತ್ರ ಅಲ್ಲ, ಆ ಹೆಸರು ತಪ್ಪು. ಆದ್ರ ಲಕ್ಷಣ ಮಾತ್ರ ಕಣ್ಣಾರೆ ಕಂಡವರೇ ಬರದದ್ದು. ನಡೆಯುವಾಗ ನೀರು ತುಂಬಿದ ತೊಗಲಿನ ಚೀಲದಂಗ ಅಲುಗಾಡ್ತೈತಿ ಅಂತ ಐತಿ. ಉಪಾಯನೂ ಹೇಳ್ಯಾರ. ಮೊದ್ಲು ಬೆವರು ಬರಿಸಿ ಮೆತ್ತಗ ಮಾಡಬೇಕು, ಬಟ್ಟಿ ಸುತ್ತಬೇಕು, ನಟ್ಟನಡುವಿನ ಹೊಲಿಗಿ ಗೆರಿ ಬಿಟ್ಟು ಬಾಜೂಕ, ಕೆಳಗ, ‘ವ್ರೀಹಿಮುಖ’ ಅನ್ನೋ ಶಸ್ತ್ರದಿಂದ ಚುಚ್ಚಬೇಕು, ಎರಡು ಬಾಯಿಯ ನಳಿಗಿ ಇಟ್ಟು ನೀರು ಇಳಿಸಿ ಕಟ್ಟು ಕಟ್ಟಬೇಕು. ವ್ರೀಹಿ ಅಂದ್ರ ಭತ್ತ. ಭತ್ತದ ಕಾಳಿನಂಥ ಚೂಪು ಮೂತಿ. ನಮ್ಮ ಮಾನ್ವಿ ಸೀಮ್ಯಾಗ ಆ ಮೂತಿ ಹೆಂಗಿರ್ತೈತಿ ಅಂತ ಯಾರಿಗೂ ಚಿತ್ರ ತೋರಿಸೋ ಗರಜು ಇಲ್ಲ.

ಕರುಳು ಇಳಿಯೋ ಬ್ಯಾನಿಗೆ ಅದೇ ಪುಸ್ತಕದಾಗ ಕಿವಿ ಹತ್ರದ ನರ ಚುಚ್ಚೋ ಮಾತು ಬರ್ತೈತಿ. ನಮ್ಮ ಅಜ್ಜಿ ಗಂಡುಹುಡುಗರಿಗೂ ಕಿವಿ ಚುಚ್ಚಿಸ್ತಿದ್ಲು, ‘ಚುಚ್ಚಿಸಿದ್ರ ಅಂಡ ಇಳಿಯಂಗಿಲ್ಲ’ ಅಂತಿದ್ಲು. ಆಕಿ ಸುಶ್ರುತನ್ನ ಓದಿದಾಕಿ ಅಲ್ಲ. ಮಾತು ಎಷ್ಟು ದೂರದಿಂದ ನಡ್ಕೋತ ಬಂದೈತಿ ನೋಡ್ರಿ. ಕಿವಿ ಚುಚ್ಚಿಸಿದ್ರ ಚಂದ ಕಾಣ್ತೈತಿ, ಅಂಡಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ.

ಚುಚ್ಚಿ ನೀರು ತಗಿಯೋದರಾಗ ಒಂದು ದೋಷ ಐತಿ. ಚೀಲ ಹಂಗೇ ಉಳಿತೈತಿ, ನೀರು ಮತ್ತ ತುಂಬ್ತೈತಿ. ಕೊಳವಿಯಾಗಿನ ನೀರು ಮೊಗದು ಹೊರಗ ಚೆಲ್ಲಿದ್ರ ನಳ ಬಂದಾಗ ಮತ್ತ ತುಂಬಂಗಿಲ್ಲೇನು, ಹಂಗ. ಅದಕ್ಕ 1800ರ ನಂತರದ ಡಾಕ್ಟರುಗಳು ನೀರು ತಗದ ಮ್ಯಾಲೆ ಒಳಗ ಉರಿಯೋ ಔಷಧ ಹಾಕಿ ಚೀಲದ ಪದರು ಅಂಟಿಸಾಕ ನೋಡಿದ್ರು. ಆ ಉರಿ ಹೆಂಗಿತ್ತು ಅನ್ನೋದಕ್ಕ ಒಂದು ಕಥಿ ಐತಿ. ಇದು ಕಟ್ಟುಕಥಿ ಅಲ್ಲ, ದಾಖಲಾದದ್ದು.

ಬಂಗಾಳದ ಹೂಗ್ಲಿಯಾಗ ಜೇಮ್ಸ್ ಎಸ್ಡೈಲ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರ್ ಇದ್ದ, ಕಂಪನಿ ಸರ್ಕಾರದ ನೌಕರಿ, ಜೇಲಿನ ದವಾಖಾನಿನೂ ಅವನ ಕೈಯಾಗಿತ್ತು. 1845ರ ಏಪ್ರಿಲ್ 4ಕ್ಕ ಮಾಧಬ್ ಕೌರಾ ಅನ್ನೋ ಕೈದಿ ಅವನ ಮುಂದ ಬಂದ. ಎರಡೂ ಕಡೆ ಹೈಡ್ರೋಸೀಲ್. ಒಂದು ಕಡೆ ನೀರು ತಗದು ಆ ಉರಿಯೋ ಔಷಧ ಹಾಕಿದ್ರು. ಆ ಮನಿಷ ಒದ್ದಾಡೋದು ನೋಡಿ ಎಸ್ಡೈಲ್‌ಗೆ ತಡಕೊಳ್ಳಾಕ ಆಗಲಿಲ್ಲ. ಆವಾಗ ಯುರೋಪಿನಾಗ ಮೆಸ್ಮೆರಿಸಂ ಅಂತ ಒಂದು ಗುಲ್ಲು ಇತ್ತು, ಮೈ ಮ್ಯಾಲೆ ಕೈಯಾಡಿಸಿ ಮನಿಷನ್ನ ನಿದ್ದಿಯಂಥ ಸ್ಥಿತಿಗೆ ಒಯ್ಯೋದು. ಎಸ್ಡೈಲ್ ಅದನ್ನ ಬರೇ ಓದಿದ್ದ, ಕಣ್ಣಿಲೆ ಕಂಡಿದ್ದಿಲ್ಲ. ಆದ್ರೂ ಕೈಯಾಡಿಸಿ ನೋಡಿದ. ಬಹಳ ಹೊತ್ತಿನ ಮ್ಯಾಲೆ ಆ ಕೈದಿ ಚುಚ್ಚಿದ್ರೂ ಅಲುಗದಂಗ ಬಿದ್ದುಕೊಂಡ. ಬ್ಯಾಡ ಅನ್ನಾಕ ಜೇಲಿನಾಗಿದ್ದವನಿಗೆ ಜಾಗ ಎಲ್ಲಿತ್ತು, ಅದು ಬ್ಯಾರೆ ಮಾತು.

ಅಲ್ಲಿಂದ ಮುಂದ ಎಸ್ಡೈಲ್ ಹೂಗ್ಲಿಯಾಗ, ಆಮ್ಯಾಲೆ ಕಲ್ಕತ್ತಾದಾಗ, ಹಿಂಗ ಮಲಗಿಸಿ ನೂರಾರು ಆಪರೇಷನ್ ಮಾಡಿದ. ಅದರಾಗ ಬಹಳಷ್ಟು ಅಂಡದ್ದೇ. ಬರೇ ನೀರಲ್ಲ, ಆನೆಕಾಲಿನಂಗ ಚರ್ಮವೆಲ್ಲಾ ದಪ್ಪಾಗಿ ಗಡ್ಡಿ ಆಗಿದ್ದು. ಒಂದು ಗಡ್ಡಿ 103 ಪೌಂಡ್ ಅಂತ ಬರದಾನ, ಅಂದ್ರ 46 ಕೆ.ಜಿ. ಮ್ಯಾಲೆ. ಒಂದು ಅಕ್ಕಿ ಚೀಲದಷ್ಟು ಭಾರ ಕಾಲ ನಡುವ ಹೊತ್ಕೊಂಡು ಮನಿಷ ಬದುಕಿದ್ದ. ತಾಸುಗಟ್ಟಲೆ ಕೈಯಾಡಿಸೋ ಕೆಲ್ಸ ಸಾಹೇಬ ಮಾಡ್ತಿದ್ದಿಲ್ಲ, ಅಲ್ಲಿನ ನಮ್ಮ ದೇಶದ ಕಂಪೌಂಡರ್ ಹುಡುಗ್ರು ಮಾಡ್ತಿದ್ರು. ಹೆಸರು ಬಂದಿದ್ದು ಸಾಹೇಬಗ. ಆ ನಿದ್ದಿ ಖರೇನೋ ಸುಳ್ಳೋ ಅಂತ ಸರ್ಕಾರ ಕಮಿಟಿನೂ ಮಾಡ್ತು. ಜಗಳ ಮುಗಿಯೋದರೊಳಗ 1846ರಾಗ ಅಮೆರಿಕದಿಂದ ಈಥರ್, 1847ರಾಗ ಎಡಿನ್‌ಬರೋದಿಂದ ಕ್ಲೋರೋಫಾರ್ಮ್ ಬಂತು. ಕೈಯಾಡಿಸೋರು ಮೂಲಿಗೆ ಬಿದ್ರು.

ಕ್ಲೋರೋಫಾರ್ಮ್ ಅಂದ ಕೂಡ್ಲೇ ನಮ್ಮ ಸೀಮಿ ಸುದ್ದಿ ಬರ್ತೈತಿ. ರಾಯಚೂರು ಆವಾಗ ನಿಜಾಮರ ರಾಜ್ಯದಾಗಿತ್ತು. ನಡುವ 1853ರಿಂದ 1860ರ ತನಕ ಇಂಗ್ಲಿಷರ ಕೈಗೆ ಹೋಗಿತ್ತು, ಮತ್ತ ನಿಜಾಮರಿಗೇ ಬಂತು. ರೈಲು 1871ರಾಗ ರಾಯಚೂರಿಗೆ ಬಂತು. ವಾಡಿಯಿಂದ ಹೈದರಾಬಾದಿಗೆ ಹಳಿ ಬಿದ್ದಮ್ಯಾಲೆ ದೊಡ್ಡ ದವಾಖಾನಿ ಅಂದ್ರ ಹೈದರಾಬಾದಿನ ಅಫ್ಜಲ್‌ಗಂಜ್. ಅಲ್ಲಿ ಎಡ್ವರ್ಡ್ ಲಾರಿ ಅನ್ನೋ ಸರ್ಜನ್ ಇದ್ದ. ಕ್ಲೋರೋಫಾರ್ಮ್ ಕೊಟ್ಟಾಗ ಒಬ್ಬೊಬ್ರು ಮೇಜಿನ ಮ್ಯಾಲೇ ಸಾಯ್ತಿದ್ರು. ಮೊದ್ಲು ನಿಲ್ಲೋದು ಉಸಿರೋ ಎದಿಯೋ ಅಂತ ಜಗತ್ತಿನ ಡಾಕ್ಟರುಗಳ ನಡುವ ವಾದ. ಲಾರಿ ನಿಜಾಮರ ದುಡ್ಡಿನಾಗ 1888ಕ್ಕ ಒಂದು, 1889ಕ್ಕ ಇನ್ನೊಂದು ಕ್ಲೋರೋಫಾರ್ಮ್ ಕಮಿಷನ್ ಮಾಡಿಸಿದ. ಎರಡನೇದಕ್ಕ ಲಂಡನ್ನಿನಿಂದ ಲಾಡರ್ ಬ್ರಂಟನ್ ಅನ್ನೋ ದೊಡ್ಡ ಡಾಕ್ಟರನ್ನ ಕರೆಸಾಕ ಆರನೇ ನಿಜಾಮ 1000 ಪೌಂಡ್ ಕೊಟ್ಟ. ನೂರಾರು ನಾಯಿ, ಮಂಗ ಸತ್ತವು. ಉಸಿರು ನೋಡ್ಕೊಂಡ್ರ ಸಾಕು, ಎದಿ ತಾನೇ ನಡೀತೈತಿ ಅಂತ ತೀರ್ಮಾನ ಮಾಡಿದ್ರು. ಅದು ಪೂರ್ತಿ ಸರಿ ಅಲ್ಲ, ಕ್ಲೋರೋಫಾರ್ಮ್ ಎದಿನೂ ನಿಲ್ಲಿಸ್ತೈತಿ ಅಂತ 1911ರ ಹೊತ್ತಿಗೆ ಗೊತ್ತಾತು. ಆದ್ರ ಉಸಿರಿನ ಮ್ಯಾಲೆ ಕಣ್ಣಿಡ್ರಿ ಅನ್ನೋ ಮಾತು ಇವತ್ತಿಗೂ ಸರಿನೇ.

ಅಲ್ಲಿ ನಾನು ನಿಂತುಬಿಟ್ಟಿದ್ದು ಲಾರಿ ಸಲುವಾಗಿ ಅಲ್ಲ, ಒಬ್ಬ ಹೆಣ್ಣುಮಗಳ ಸಲುವಾಗಿ. 1885ರಾಗ ಹೈದರಾಬಾದ್ ಮೆಡಿಕಲ್ ಸ್ಕೂಲಿಗೆ ಐದು ಮಂದಿ ಹೆಣ್ಣುಮಕ್ಕಳು ಸೇರಿದ್ರು. ಅದರಾಗ ಒಬ್ಬಾಕಿ ಪಾರ್ಸಿ, ರೂಪಾಬಾಯಿ ಫರ್ದೂನ್‌ಜಿ. 1889ಕ್ಕ ಹಕೀಮ್ ಪದವಿ ತಗೊಂಡ್ಲು, ಕ್ಲೋರೋಫಾರ್ಮ್ ಕೊಡೋ ಕೆಲ್ಸಕ್ಕೇ ನಿಂತ್ಲು. 1909ಕ್ಕ ಎಡಿನ್‌ಬರೋಕ್ಕ ಹೋಗಿ ಇನ್ನೂ ಓದಿ ಬಂದ್ಲು, 1917ರ ತನಕ ಹೈದರಾಬಾದಿನ ದವಾಖಾನ್ಯಾಗ ಅದೇ ಕೆಲ್ಸ ಮಾಡಿದ್ಲು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ಡಾಕ್ಟರ್ ಅಂತ ಆಕಿನ್ನ ಕರೀತಾರ. ನಮ್ಮ ಅಜ್ಜಿಯ ಅವ್ವ ತಲಿ ಮ್ಯಾಲಿನ ಸೆರಗು ಸರಿಸದೇ ಬದುಕಿದ ಕಾಲಕ್ಕ, ಅದೇ ರಾಜ್ಯದಾಗ, ಒಬ್ಬಾಕಿ ಮಲಗಿದವರ ಉಸಿರು ಎಣಿಸ್ಕೋತ ಮೇಜಿನ ತಲಿಕಡೆ ನಿಂತಿದ್ಲು. ನಮ್ಮ ಸಾಲಿ ಪುಸ್ತಕದಾಗ ಆಕಿ ಹೆಸರು ನಾನು ಕಂಡಿಲ್ಲ.

ನೋವಿನ ದಾರಿ ಹಿಂಗ ಬಗೆಹರೀತು. ಚೀಲದ್ದೂ ಬಗೆಹರೀತು. 1898ರಾಗ ವಿಂಕೆಲ್‌ಮನ್, 1902ರಾಗ ಜಾಬುಲೇ ಅನ್ನೋ ಡಾಕ್ಟರುಗಳು ಆ ಚೀಲ ಕೊಯ್ದು ಹಿಂದುಮುಂದು ತಿರುವಿ ಹೊಲಿಯೋದು ತೋರಿಸಿಕೊಟ್ರು. ದಿಂಬಿನ ಗವಸು ಒಳಗಿನ ಮಗ್ಗಲು ಹೊರಗ ಬರೋ ಹಂಗ ತಿರುವ್ತೀವಲ್ಲ, ಹಂಗ. ಅಮ್ಯಾಲೆ ಬರೋ ನೀರು ಚೀಲದಾಗ ನಿಲ್ಲಾಕ ಜಾಗ ಇಲ್ಲ, ಸುತ್ತಲಿನ ಮಾಂಸ ಅದನ್ನ ಹೀರ್ಕೋತೈತಿ. ಹುಳದ ಬ್ಯಾನಿ ಇರೋ ಕಡೆ ಚೀಲವನ್ನೇ ಕತ್ತರಿಸಿ ತಗಿಯೋದು ಚಲೋ ಅಂತ ಈಗ ಹೇಳ್ತಾರ, ತಿರುಗಿ ಬರೋದು ಕಡಿಮಿ. ಸೊಂಟದಾಗ ಒಂದು ಸೂಜಿ, ಅರ್ಧ ತಾಸಿನಿಂದ ಒಂದು ತಾಸು, ಒಂದೆರಡು ದಿನ ದವಾಖಾನಿ, ಆಮ್ಯಾಲೆ ಬಿಗಿ ಲಂಗೋಟಿ, ಕೆಲವು ವಾರ ಭಾರ ಎತ್ತಂಗಿಲ್ಲ. ಬೀಜಕ್ಕ ಕತ್ತರಿ ಹಾಕಂಗಿಲ್ಲ. ಹಳ್ಳಿ ಗಂಡಸರು ಇದನ್ನೇ ಅಂಜ್ತಾರ, ‘ಗಂಡಸ್ತನ ಹೋಗ್ತೈತಿ’ ಅಂತ. ಅದಕ್ಕ ಇನ್ನೊಂದು ಸಲ ಬರೀತೀನಿ: ಕತ್ತರಿ ಬೀಳೋದು ಚೀಲಕ್ಕ, ಬೀಜಕ್ಕಲ್ಲ.

ಹುಳ ಸಿಕ್ಕಿದ್ದೂ ಇದೇ ನೀರಿನಾಗ. 1863ರಾಗ ಪ್ಯಾರಿಸಿನಾಗ ದೆಮಾರ್ಕೆ ಅನ್ನೋ ಸರ್ಜನ್ ಹವಾನಾದಿಂದ ಬಂದ ಒಬ್ಬ ಗಂಡಸಿನ ಹೈಡ್ರೋಸೀಲ್ ನೀರು ತಗದು ನೋಡಿದಾಗ ಸಣ್ಣ ಸಣ್ಣ ಹುಳ ಈಜಾಡ್ತಿದ್ವು. 1872ರಾಗ ಕಲ್ಕತ್ತಾದಾಗ ಟಿಮೊಥಿ ಲೂಯಿಸ್ ಅದನ್ನ ಮನಿಷನ ರಕ್ತದಾಗ ಕಂಡ. 1877ರಾಗ ಚೀನಾದ ಅಮೋಯ್‌ದಾಗ ಪ್ಯಾಟ್ರಿಕ್ ಮ್ಯಾನ್ಸನ್ ತನ್ನ ತೋಟದ ಆಳಿಗೆ ಸೊಳ್ಳಿ ಕಚ್ಚಿಸಿ, ಆ ಸೊಳ್ಳಿ ಕೊಯ್ದು ಅದರ ಹೊಟ್ಯಾಗ ಹುಳ ಬೆಳೆಯೋದು ಕಂಡ. ಆದ್ರ ಸೊಳ್ಳಿ ಸತ್ತು ಬಿದ್ದ ನೀರು ಕುಡದ್ರ ರೋಗ ಬರ್ತೈತಿ ಅಂತ ಅವನ ಲೆಕ್ಕ ಇತ್ತು. ಸೊಳ್ಳಿ ಸೊಂಡಿಲಿನಾಗೇ ಹುಳ ಬಂದು ಕುಂದ್ರತೈತಿ, ಕಚ್ಚಿದಾಗ ಇಳೀತೈತಿ ಅಂತ ಗೊತ್ತಾಗಿದ್ದು 1900ರಾಗ.

ನಮ್ಮಲ್ಲಿ ಇದನ್ನ ಹರಡೋ ಸೊಳ್ಳಿ ಕ್ಯೂಲೆಕ್ಸ್. ಕಾಲುವಿ ನೀರು ಬಂದು ಭತ್ತ ಬಂತು, ಅದಕ್ಕ ಸೊಳ್ಳಿ ಬಂತು ಅಂತ ಮಾನ್ವ್ಯಾಗ ಎಲ್ಲರೂ ಗದ್ದಿನ್ನೇ ಬೈತಾರ. ಈ ಸೊಳ್ಳಿಗೆ ಗದ್ದಿಗಿಂತ ಸೇರೋದು ನಮ್ಮ ಬಚ್ಚಲ ಹಿಂದಿನ ಗಟಾರ, ಶೌಚದ ಗುಂಡಿ, ನಿಂತ ಹೊಲಸು ನೀರು. ಗುಂಡಿ ಮ್ಯಾಲಿನ ಗಾಳಿ ಪೈಪಿಗೆ ಹಳೇ ಸೀರಿ ತುಂಡೋ ಜಾಳಿಗಿಯೋ ಕಟ್ರಿ, ಖರ್ಚಿಲ್ಲದ ಕೆಲ್ಸ. ಒಂದೆರಡು ಸಲ ಕಚ್ಚಿದ್ರ ಬರೋ ರೋಗ ಅಲ್ಲ ಇದು, ವರ್ಷಗಟ್ಟಲೆ ಕಚ್ಚಿಸ್ಕೊಂಡ್ರ ಬರೋದು. ಸಣ್ಣಂದಿರತಾ ಒಳಗ ಸೇರಿದ ಹುಳದ ಫಲ ದೊಡ್ಡವರಾದಮ್ಯಾಲೆ ಕಾಣ್ತೈತಿ.

ಈಗ ನಮ್ಮ ದೊಡ್ಡಪ್ಪನ ಮಾತು. ಅವರು ಈಗಿಲ್ಲ, ದೊಡ್ಡವ್ವ ಬರಿ ಅಂದಾಳ, ಬರೀತೀನಿ. ದೇವದುರ್ಗ ತಾಲೂಕಿನಾಗ ಎಂಟು ಎಕರೆ ಒಣಬೇಸಾಯ, ಜ್ವಾಳ, ಸೇಂಗಾ. ನಲವತ್ತು ದಾಟಿದ ಮ್ಯಾಲೆ ಅವರು ಸೈಕಲ್ ಬಿಟ್ರು, ಮಂಡಿ ನೋವು ಅಂದ್ರು. ಆಮ್ಯಾಲೆ ರೆಂಟಿ ಹೊಡಿಯೋದು ಬಿಟ್ರು. ಗಜ್ಜುಗದ ಬೀಜ ತೇದು ಔಡಲೆಣ್ಣ್ಯಾಗ ಕಲಸಿ ಹಚ್ಕೋತಿದ್ರಂತ, ತಂಬಾಕಿನ ಎಲಿ ಕಟ್ಕೋತಿದ್ರಂತ, ಎಲ್ಲಾ ರಾತ್ರಿ, ದೀಪ ಆರಿಸಿ. ಸಂತಿಗೆ ಬರೋ ಒಬ್ಬ ಎರಡು ಸಲ ಸೂಜಿ ಹಾಕಿ ನೀರು ತಗದ. ಒಂದೊಂದು ಸಲ ಆರೆಂಟು ತಿಂಗಳು ಹಗುರಾತು, ಮತ್ತ ತುಂಬ್ತು. ಮೂರನೇ ಸಲ ಕೀವಾತು, ಜ್ವರದಾಗ ಮಲಗಿದ್ರು.

ಅಕ್ಕನ ಮದುವಿಯಾಗ ಧಾರಿ ಎರಿಯೋ ಹೊತ್ತಿಗೆ ಅಪ್ಪ ಹಂದರದಾಗ ಚಕ್ಕಂಬಕ್ಕಲ ಹಾಕಿ ಕುಂದ್ರಬೇಕು. ದೊಡ್ಡಪ್ಪ ಕುಂದ್ರಲಿಲ್ಲ. ಅವರ ತಮ್ಮ, ಅಂದ್ರ ನಮ್ಮಪ್ಪ, ಕುಂತು ಎರದ್ರು. ಬೀಗರು ಒಂಥರಾ ಮಾತಾಡಿದ್ರು, ಮಗಳನ್ನ ಕೊಡಾಕ ಮನಸಿಲ್ಲೇನು ಅಂದ್ರು. ಅಕ್ಕ ಅತ್ತಿದ್ದು ಗಂಡನ ಮನಿಗೆ ಹೋಗೋ ದುಃಖಕ್ಕ ಅಂತ ಎಲ್ಲರೂ ತಿಳ್ಕೊಂಡ್ರು. ಆ ರಾತ್ರಿ ದೊಡ್ಡವ್ವ ಅವರಿಗೆ ಹೇಳಿದ್ದು ಒಂದೇ ಮಾತು: ‘ನೀವು ದವಾಖಾನಿಗೆ ಬರದಿದ್ರ ನಾನೇ ನಾಳೆ ಬೀಗರ ಮುಂದ ಖರೇ ಹೇಳ್ತೀನಿ.’ ಮೂರನೇ ದಿನ ರಾಯಚೂರಿನ ಬಸ್ ಹತ್ತಿದ್ರು. ಊರಿಗೆ ಅಪೆಂಡಿಸ್ ಅಂತ ಹೇಳಿದ್ರು. ಡಾಕ್ಟರ್ ನೋಡಿ, ‘ಎಷ್ಟು ವರ್ಷ ಆತು?’ ಅಂದ್ರ ದೊಡ್ಡಪ್ಪ ಸುಮ್ನಿದ್ರಂತ. ‘ಹದಿಮೂರು’ ಅಂದಾಕಿ ದೊಡ್ಡವ್ವ. ಅವರಿಗೆ ಆಗ ಗೊತ್ತಾತಂತ, ಈಕಿ ಮೊದಲನೇ ವರ್ಷದಿಂದ ಎಣಿಸ್ಕೋತ ಬಂದಾಳ ಅಂತ.

ಒಂದು ತಾಸಿನ ಆಪರೇಷನ್. ಎರಡು ತಿಂಗಳ ಮ್ಯಾಲೆ ಅವರು ಸೈಕಲ್ ಮ್ಯಾಲೆ ಸಂತಿಗೆ ಹೋದ್ರು. ಹೋದ ಹದಿಮೂರು ವರ್ಷದಾಗ ಎರಡು ಎಕರೆ ಹೊಲ ಮಾರಿದ್ದು ಮಾತ್ರ ತಿರುಗಿ ಬರಲಿಲ್ಲ.

ಈಗಿನ ಮಾತಿಗೆ ಬರ್ತೀನಿ. ಆನೆಕಾಲು ಗುಳಿಗಿ ಕೊಡಾಕ ಆಶಾ ಕಾರ್ಯಕರ್ತೆ ಮನಿಗೆ ಬರ್ತಾಳ. ನಮ್ಮ ದೇಶದಾಗ ಈ ಸಾಮೂಹಿಕ ಗುಳಿಗಿ 2004ರಿಂದ ನಡದೈತಿ. ಮೊದ್ಲು ಎರಡು ಥರದ ಗುಳಿಗಿ ಇದ್ವು. ಮೂರನೇದು, ಐವರ್‌ಮೆಕ್ಟಿನ್, ಸೇರಿಸಿ ಕೊಡೋದನ್ನ ದೇಶದಾಗ ಮೊದ್ಲು ಶುರು ಮಾಡಿದ ಐದು ಜಿಲ್ಲೆದಾಗ ನಮ್ಮ ಬಾಜೂಕಿನ ಯಾದಗಿರಿ ಒಂದು. ಬಸುರಿಗೆ, ಎರಡು ವರ್ಷದೊಳಗಿನ ಕೂಸಿಗೆ, ಬಹಳ ಜಡ್ಡಾದವರಿಗೆ ಕೊಡಂಗಿಲ್ಲ. ನುಂಗಿದ ಮ್ಯಾಲೆ ಒಬ್ಬೊಬ್ರಿಗೆ ಜ್ವರ, ತಲಿನೋವು ಬರ್ತೈತಿ. ಬಹಳ ಸಲ ಅದು ಒಳಗಿನ ಹುಳ ಸಾಯೋ ಗುರುತು. ನಮ್ಮ ಓಣ್ಯಾಗ ಗಂಡಸರು ಗುಳಿಗಿ ಇಸ್ಕೊಂಡು ಕಿಸೇಕ ಹಾಕ್ಕೋತಾರ, ಆಮ್ಯಾಲೆ ಅವು ಧೋತರ ಒಗಿಯುವಾಗ ನಮ್ಮ ಕೈಗೆ ಸಿಗ್ತಾವ. ಆಕಿ ಎದುರಿಗೇ ನುಂಗಸ್ರಿ. ರಾತ್ರಿ ಎಂಟರ ಮ್ಯಾಲೆ ಬೆರಳು ಚುಚ್ಚಿ ರಕ್ತ ತಗೊಂಡು ಹೋಗಾಕ ಬಂದ್ರ ಕಳ್ಳರಂತ ಬಾಗಿಲ ಹಾಕಬ್ಯಾಡ್ರಿ, ಆ ಹುಳ ರಕ್ತದಾಗ ಕಾಣೋದೇ ರಾತ್ರಿ ಹೊತ್ತು.

ಆದ್ರ ಬಾತ ಚೀಲಕ್ಕ ಗುಳಿಗಿ ಸಾಲಂಗಿಲ್ಲ, ಅದಕ್ಕ ಆಪರೇಷನ್ನೇ. ಸರ್ಕಾರಿ ದವಾಖಾನ್ಯಾಗ ಅದನ್ನ ದುಡ್ಡಿಲ್ಲದೇ ಮಾಡೋದು ಆನೆಕಾಲು ಕಾರ್ಯಕ್ರಮದ್ದೇ ಒಂದು ಭಾಗ. ರಾಯಚೂರಾಗ 2007ರಿಂದ ರಿಮ್ಸ್ ಐತಿ. ಕೇಳಬೇಕಾದ್ದು ಶಸ್ತ್ರಚಿಕಿತ್ಸಾ ವಿಭಾಗ, ಸರ್ಜರಿ ಓಪಿಡಿ. ಚೀಟಿ ಮಾಡಿಸೋ ಕಿಟಕಿಯಾಗ ಎಲ್ಲರ ಮುಂದ ಬ್ಯಾನಿ ಹೆಸರು ಹೇಳಾಕ ನಾಚಿಕಿ ಆದ್ರ ‘ಸರ್ಜರಿ’ ಅನ್ರಿ, ಸಾಕು.

ಹಸುಗೂಸಿಗೆ ಹುಟ್ಟುತ್ತಲೇ ಅಂಡ ಬಾತಿದ್ರ ಅಂಜಬ್ಯಾಡ್ರಿ, ಡಾಕ್ಟರಿಗೆ ಒಮ್ಮೆ ತೋರಿಸ್ರಿ. ಬಹಳ ಕೂಸುಗಳಿಗೆ ಒಂದೆರಡು ವರ್ಷದಾಗ ತಾನೇ ಇಳೀತೈತಿ. ಎಲಿ ಕಟ್ಟೋದು, ಬರೆ ಹಾಕೋದು ಬ್ಯಾಡ. ಇನ್ನೊಂದು, ಇದನ್ನ ಮಾತ್ರ ಮರೀಬ್ಯಾಡ್ರಿ: ಆಡಿಕೊಂಡಿದ್ದ ಹುಡುಗನಿಗೆ ಇದ್ದಕ್ಕಿದ್ದಂಗ ಅಂಡದಾಗ ಜೋರು ನೋವು ಬಂದು, ವಾಂತಿನೂ ಆದ್ರ ಅದು ನೀರಲ್ಲ, ಬೀಜದ ಬಳ್ಳಿ ತಿರುವಿಕೊಂಡಿರ್ತೈತಿ. ಅದಕ್ಕ ಆರು ತಾಸಿನೊಳಗ ಆಪರೇಷನ್ ಆಗಬೇಕು, ತಡ ಆದ್ರ ಬೀಜ ಉಳಿಯಂಗಿಲ್ಲ. ಹುಡುಗ್ರು ಅವ್ವಗ ಹೇಳಾಕ ನಾಚ್ಕೊಂಡು ‘ಹೊಟ್ಟಿ ನೋಯ್ತೈತಿ’ ಅಂತಾರ. ಹೊಟ್ಟಿ ಅಂದ್ರೂ ಚಡ್ಡಿ ಬಿಚ್ಚಿಸಿ ನೋಡ್ರಿ, ಹದಿಮೂರು ಹದಿನಾಲ್ಕರ ಹುಡುಗ ಆದ್ರೂ.